ನಾಲ್ಕು ತೋಳಿನ ನಿಲುವಂಗಿ ಹೊಲಿದ ವೆಲ್ಡಾ

ನಮ್ಮ ವೆಲ್ಡಾಗೆ ಹಿಂದಿನ ಜನ್ಮ ನೆನಪಾಗಲೇ ಇಲ್ಲ. ಮೂವತ್ತೊಂದು ವರ್ಷ ಕಾದಳು, ಪಾಪ. ನಿಮಗಿದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಆದರೆ ಲಾ ಪಿಯೆದ್ರಾ ಊರಿನ ನಮ್ಮ ‘ನಕ್ಷತ್ರ ಬಂಧುಗಳ ಮನೆ’ಯಲ್ಲಿ ಅದು ಹಲ್ಲಿಲ್ಲದೆ ಮದುವೆಯೂಟಕ್ಕೆ ಕೂತ ಹಾಗೆ.

ನಾನು ಬರ್ನೀಸ್. ಇದೇ ಊರಲ್ಲಿ ಇಪ್ಪತ್ತೆಂಟು ವರ್ಷ ಅಂಚೆ ಹಂಚಿದವಳು, ಊರಿನ ಅರ್ಧ ನಾಯಿಗಳ ಕೈಲಿ ಕಚ್ಚಿಸಿಕೊಂಡವಳು. ಹಿಂದಿನ ಜನ್ಮದಲ್ಲಿ ಮಾತ್ರ ಓರಿಯನ್ ನಕ್ಷತ್ರಗಳ ಕಡೆಯ ಮಹಾಸೇನಾಪತಿ. ಟೈರ್ ಅಂಗಡಿಯ ಕ್ಲೀಟಸ್ ಈಜಿಪ್ಟಿನ ದೊರೆ ಫೇರೋ. ಸಮುದ್ರದಲ್ಲಿ ಮುಳುಗಿದ ಅಟ್ಲಾಂಟಿಸ್ಸಿನ ರಾಣಿಯರಂತೂ ನಮ್ಮಲ್ಲಿ ಇಬ್ಬರು, ಲೂರೀನ್ ಮತ್ತು ಪರ್ಲ್. ಒಂದೇ ಸಿಂಹಾಸನಕ್ಕೆ ಇಬ್ಬರು ಅಂದಮೇಲೆ ಕೇಳಬೇಕೆ? ಹನ್ನೊಂದು ವರ್ಷದಿಂದ ಮಾತಿಲ್ಲ ಕತೆಯಿಲ್ಲ.

ನಮ್ಮಲ್ಲೊಂದು ಪದ್ಧತಿ. ಹಳೆಯ ಜನ್ಮ ನೆನಪಾದವರು ಆ ಕಾಲದ ವೇಷ ತೊಟ್ಟು, ಆಗ ಮಾಡಿದ ತಪ್ಪನ್ನು ಎಲ್ಲರೆದುರು ಆಡಿ ತೋರಿಸಬೇಕು. ನಾನು ಮೂರು ಗ್ರಹ ಸುಟ್ಟು ಬೂದಿ ಮಾಡಿದ್ದನ್ನು ತೋರಿಸಿ ಗಳಗಳ ಅತ್ತಿದ್ದೆ. ಹಾಗೆ ಆಡಿ ತೋರಿಸಿದವರಿಗೆ ಮುಂದಿನ ಸಾಲಿನಲ್ಲಿ ಮೆತ್ತೆಯ ಕುರ್ಚಿ ಸಿಗುತ್ತದೆ. ನಮ್ಮ ಈ ಪಂಥದ ಮನೆ ಕಟ್ಟಿದ ಮದರ್ ಆರ್ಡಿತ್ ಇದಕ್ಕೊಂದು ನಿಯಮವನ್ನೂ ಸೇರಿಸಿದ್ದರು. ನಮ್ಮಲ್ಲಿ ಪ್ರತಿಯೊಬ್ಬರಿಗೂ ನೆನಪಾದ ಮೇಲೇ ಆಕಾಶದ ಹಡಗು ಇಳಿಯುವುದು, ಮೂವತ್ತಮೂರು ಲೋಕಗಳ ಮೂವತ್ತಮೂರು ಅತಿಥಿಗಳು ಬರುವುದು. ಒಬ್ಬರು ಬಾಕಿ ಉಳಿದರೂ ಇಲ್ಲ.

ಆ ಒಬ್ಬಳು ತಾನೇ ಅಂತ ವೆಲ್ಡಾ ಮೂವತ್ತೊಂದು ವರ್ಷ ಒಳಗೊಳಗೇ ಕೊರಗಿದ್ದಾಳೆ. ನಮಗೆ ಗೊತ್ತೇ ಇರಲಿಲ್ಲ. ನಾನಿಲ್ಲದ ದಿನ ಅವಳು ತನ್ನ ಹಳೆಯ ಜನ್ಮ ಹೇಳಿಕೊಂಡಿರಬೇಕು ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದೆವು. ವೇದಿಕೆಯ ಹಿಂದೆ ಸೂಜಿ ಹಿಡಿದು ನಿಂತವಳನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ, ಹೇಳಿ?

ನಮ್ಮ ಅಷ್ಟೂ ವೇಷ ಹೊಲಿದವಳು ಅವಳೇ. ಹಳೇ ಪರದೆಯಲ್ಲಿ ಫೇರೋ ಎದ್ದು ಬರುತ್ತಿದ್ದ, ಸೋಫಾದ ಬಟ್ಟೆಯಲ್ಲಿ ರಾಣಿ. ಬರುವ ಅತಿಥಿಗಳಿಗೂ ಸ್ವಾಗತದ ನಿಲುವಂಗಿ ಹೊಲಿಯುತ್ತಿದ್ದಳು. ಅಳತೆಯಿಲ್ಲದೆ ಹೊಲಿಯುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು.

“ಬರ್ನೀಸ್, ಅವರಿಗೆ ಕೈ ಎಷ್ಟೇ?” ಅಂತ ಒಮ್ಮೆ ಕೇಳಿದಳು.

“ನಾನೇನು ಹಸ್ತಲಾಘವ ಮಾಡಿ ಬಂದಿದೀನಾ?”

“ಸೇನಾಪತಿ ಅಲ್ವೇನೇ ನೀನು? ಅವರ ಜೊತೆ ಯುದ್ಧ ಮಾಡಿದೋಳಿಗೆ ಅಷ್ಟೂ ಗೊತ್ತಿಲ್ವಾ?”

ನಾನು ತಬ್ಬಿಬ್ಬಾದೆ. “ದೂರದಿಂದ ಹೊಡೆದದ್ದು ಮಾರಾಯ್ತಿ, ಕೈ ಎಣಿಸೋಕೆ ಪುರುಸೊತ್ತೆಲ್ಲಿತ್ತು?” ಅಂದೆ. ಅವಳು ತಲೆಯಾಡಿಸಿ, ಯಾವುದಕ್ಕೂ ಇರಲಿ ಅಂತ ಒಂದು ಅಂಗಿಗೆ ನಾಲ್ಕು ತೋಳು ಇಟ್ಟಳು. ಗುಂಡಿ ಹಾಕಲು ಬರುತ್ತೋ ಇಲ್ಲವೋ ಅಂತ ಎಲಾಸ್ಟಿಕ್ ಸೇರಿಸಿದಳು.

ಪ್ರತಿ ಅಕ್ಟೋಬರ್ ಮೊದಲ ಭಾನುವಾರ ನಮಗೆ ಇಳಿಯುವ ದಿನ. ಊರಾಚೆಯ ಗುಡ್ಡದ ಮೇಲೆ ಮೇಜು ಹಾಕಿ, ಮೂವತ್ತಮೂರು ತಟ್ಟೆ ಇಟ್ಟು, ಸೇಬು ತುಂಬಿ ಬೇಯಿಸಿದ ಪೈ ಜೋಡಿಸಿ, ಐದು ಗಂಟೆಯವರೆಗೆ ಮೇಲೆ ನೋಡುತ್ತೇವೆ. ಹಡಗು ಬರುವುದಿಲ್ಲ. ಸರಿ, ಪೈ ಹಾಳಾಗಬಾರದಲ್ಲ, ನಾವೇ ತಿನ್ನುತ್ತೇವೆ. ವೆಲ್ಡಾ ಒಬ್ಬಳು ಮುಟ್ಟುತ್ತಿರಲಿಲ್ಲ. “ಹೊಟ್ಟೆ ಸರಿಯಿಲ್ಲ ಕಣೇ,” ಅನ್ನುತ್ತಿದ್ದಳು. ವರ್ಷಕ್ಕೊಂದೇ ಸಲ, ಅದೂ ಅದೇ ದಿನ ಕೆಡುವ ಹೊಟ್ಟೆ! ನಾನೆಂಥ ಪೆದ್ದಿ ನೋಡಿ, ನಂಬಿದ್ದೆ. ಅವಳ ಪಾಲನ್ನೂ ತಿಂದಿದ್ದೆ.

ಹೋದ ವರ್ಷ ಆಗಸ್ಟಿನಲ್ಲಿ ಲಾಸ್ ಏಂಜಲಿಸ್ಸಿನಿಂದ ಜೋಸ್ಲಿನ್ ಅನ್ನುವ ಹುಡುಗಿ ಕ್ಯಾಮೆರಾ ಹಿಡಿದು ಬಂದಳು, ನಮ್ಮ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತೇನೆಂದು. ಅಯ್ಯೋ, ಆ ಸಂಭ್ರಮ! ಕ್ಲೀಟಸ್ ಕಿರೀಟಕ್ಕೆ ಕಾರಿನ ಪಾಲಿಶ್ ಹಚ್ಚಿದ. ರಾಣಿಯರಿಬ್ಬರೂ ಒಂದೇ ಬ್ಯೂಟಿ ಪಾರ್ಲರಿಗೆ ಹೋಗಿ ಬೆನ್ನು ತಿರುಗಿಸಿ ಕೂತು ಬಂದರು. ವೆಲ್ಡಾ ಮಾತ್ರ ಕ್ಯಾಮೆರಾ ಕಂಡ ಕಡೆ ಕಾಲಿಡಲಿಲ್ಲ. ಒಂದು ದಿನ ನೂಲು ತರಬೇಕೆಂದಳು, ಇನ್ನೊಂದು ದಿನ ಇಸ್ತ್ರಿ ಪೆಟ್ಟಿಗೆ ಬಿಸಿಯಿದೆ ಅಂದಳು.

ಕ್ಯಾಮೆರಾ ಮುಂದೆ ನನ್ನ ಸರದಿ ಬಂದ ದಿನ ಎಲ್ಲರೂ ಸಭಾಂಗಣದಲ್ಲಿ ಸೇರಿದ್ದೆವು. ತೊಂಬತ್ತು ದಾಟಿದ ಮದರ್ ಆರ್ಡಿತ್ ಗಾಲಿಕುರ್ಚಿಯಲ್ಲಿ. ನಾನು ಸೇನಾಪತಿಯ ನಿಲುವಂಗಿ ತೊಟ್ಟು, ಕತ್ತಿ ಎತ್ತಿ, “ಸುಟ್ಟುಬಿಡಿ!” ಎಂದು ಗರ್ಜಿಸಿದೆ. ಪರ್ ಅಂತ ಬೆನ್ನ ಹೊಲಿಗೆ ಬಿಚ್ಚಿತು. ಅಷ್ಟು ವರ್ಷದ ಪೈ ಎಲ್ಲಿಗೆ ಹೋಗಬೇಕು?

ವೆಲ್ಡಾ ಪರದೆಯ ಹಿಂದಿನಿಂದ ಓಡಿ ಬಂದಳು. ಬಾಯಲ್ಲಿ ಗುಂಡುಪಿನ್ನು, ಕೊರಳಲ್ಲಿ ಅಳತೆಯ ಟೇಪು. ಹೊಲಿಗೆ ಬಿಚ್ಚಿದ್ದು ಕಂಡರೆ ಅವಳಿಗೆ ಮೈಮೇಲೆ ಎಚ್ಚರವಿರುವುದಿಲ್ಲ, ಕ್ಯಾಮೆರಾ ಮರೆತೇಹೋಗಿತ್ತು. ಪಿನ್ನು ಚುಚ್ಚಿ ಮುಗಿಸುವಷ್ಟರಲ್ಲಿ ಜೋಸ್ಲಿನ್ ಮೆಲ್ಲಗೆ ಕೇಳಿದಳು, “ನೀವು ಯಾರಾಗಿದ್ರಿ?”

ವೆಲ್ಡಾ ಬಾಯಿಂದ ಕೊನೆಯ ಪಿನ್ನು ತೆಗೆದು ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿಕೊಂಡಳು.

“ಯಾರೂ ಅಲ್ಲ,” ಅಂದಳು. “ನಂಗೆ ಏನೂ ನೆನಪಾಗಿಲ್ಲ. ಪ್ರತಿ ರಾತ್ರಿ ಕಣ್ಣು ಮುಚ್ಚಿ ನೋಡ್ತೀನಿ, ಬರೀ ಕತ್ತಲೆ. ಸುಳ್ಳು ಹೇಳೋಣ ಅಂದ್ರೆ ನಾಲಿಗೆ ಹೊರಳಲ್ಲ.” ನಮ್ಮ ಕಡೆ ತಿರುಗಿದಳು. “ಹಡಗು ಬರದೇ ಇರೋದು ನನ್ನಿಂದ. ನೀವೆಲ್ಲ ಕಾಯ್ತಾ ಕಾಯ್ತಾ ಮುದುಕರಾದ್ರಿ. ಕ್ಷಮಿಸಿಬಿಡಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಆ ಕ್ಷಣ ಹೆಗಲಲ್ಲ, ಇಡೀ ಮೈ ಸುಟ್ಟಿತು. ನಾನು ಸೇನಾಪತಿಯೂ ಅಲ್ಲ, ಮಣ್ಣೂ ಅಲ್ಲ. ಹಿಂದಿನ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಸೊಂಟ ಹಿಡಿಯುತ್ತಿತ್ತು, ಮುಂದಿನ ಮೆತ್ತೆಯ ಕುರ್ಚಿಗಾಗಿ ಕತೆ ಕಟ್ಟಿದ್ದೆ. ನನ್ನ ಸುಳ್ಳಿಗೆ ಮಿಂಚುವ ಗುಂಡಿ ಹಾಕಿ ಹೊಲಿದುಕೊಟ್ಟವಳು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾಳೆ!

“ಏ ವೆಲ್ಡಾ, ಕ್ಷಮೆ ಕೇಳಬೇಡ ಕಣೇ,” ಅಂದೆ. ಕತ್ತಿ ಕೆಳಗಿಟ್ಟೆ. “ನಂಗೂ ನೆನಪಿಲ್ಲ. ಕುರ್ಚಿ ಆಸೆಗೆ ಹೇಳಿದ ಸುಳ್ಳು ಅದು. ನಾನು ಒಂದು ಸೊಳ್ಳೆನೂ ಸುಟ್ಟೋಳಲ್ಲ.”

ಆಮೇಲೆ ಕ್ಲೀಟಸ್ ಗಂಟಲು ಸರಿಮಾಡಿಕೊಂಡ. “ನಂದು... ಟಿವಿಯಲ್ಲಿ ನೋಡಿದ್ದು,” ಅಂದು ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಲೂರೀನ್ ಮೆಲ್ಲಗೆ ಕೈಯೆತ್ತಿದಳು. ಪರ್ಲ್ ಬಾಯಿ ತೆರೆದು ನೋಡಿದಳು.

“ನೀನೂನಾ? ಥೂ ನಿನ್ನ! ಹನ್ನೊಂದು ವರ್ಷ ಸುಮ್ಮನೆ ಜಗಳ ಆಡಿದ್ವಲ್ಲೇ!”

“ಮೊದಲು ಸುಳ್ಳು ಹೇಳಿದ್ದು ನಾನು, ನೀನು ನಕಲು ಮಾಡಿದ್ದು,” ಅಂದಳು ಲೂರೀನ್. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎಲ್ಲರ ಕಣ್ಣು ಮದರ್ ಆರ್ಡಿತ್ ಮೇಲೆ. ಅವರು ನಿಲುವಂಗಿಯ ಅಂಚಿನ ಚುಕ್ಕಿ ಸವರಿದರು.

“ವೆಲ್ಡಾ, ಬಾ ಇಲ್ಲಿ ಮಗಳೇ,” ಅಂದರು. “ಎಲ್ಲರಿಗೂ ನೆನಪಾಗಬೇಕು ಅನ್ನೋ ಆ ನಿಯಮ ಮೇಲಿಂದ ಬಂದದ್ದಲ್ಲ. ಆಗ ಒಬ್ಬರೂ ವೇದಿಕೆ ಹತ್ತುತ್ತಿರಲಿಲ್ಲ. ಸಿಟ್ಟಲ್ಲಿ ನಾನೇ ಹೇಳಿಬಿಟ್ಟೆ. ನಿನ್ನಿಂದ ತಡ ಆಗಿದ್ದಲ್ಲ. ಅವರ ದಾರಿ ದೂರ, ಅಷ್ಟೆ.”

ವೆಲ್ಡಾ ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ನಾನೂ ಅತ್ತೆ, ಈ ಸಲ ನಿಜವಾಗಿ.

ಹಾಗಾದರೆ ನಂಬಿಕೆ ಹೋಯಿತಾ ಅಂತ ಜೋಸ್ಲಿನ್ ಆಮೇಲೆ ಕೇಳಿದಳು. ಯಾಕೆ ಹೋಗಬೇಕು? ಸೇನಾಪತಿ ಸುಳ್ಳಾದರೆ ಆಕಾಶ ಸುಳ್ಳಾಗುತ್ತಾ?

ಅಕ್ಟೋಬರಿನಲ್ಲಿ ಮತ್ತೆ ಗುಡ್ಡ ಹತ್ತಿದೆವು. ಮೈಮೇಲೆ ವೇಷ ಹಾಗೇ ಇತ್ತು. ಅಷ್ಟು ಚಂದ ಹೊಲಿದದ್ದನ್ನು ಯಾರು ಬಿಡುತ್ತಾರೆ? ವೆಲ್ಡಾ ತನಗೆಂದೇ ಹೊಲಿದ ಮೊದಲ ನಿಲುವಂಗಿ ತೊಟ್ಟು, ನಾಲ್ಕು ತೋಳಿನ ಅಂಗಿ ಕೈಮೇಲೆ ಹಾಕಿಕೊಂಡು, ಮುಂದಿನ ಸಾಲಿಗೆ ಹೊತ್ತು ತಂದಿದ್ದ ನನ್ನ ಮೆತ್ತೆಯ ಕುರ್ಚಿಯಲ್ಲಿ ಕೂತಳು. ಕೊರಳಲ್ಲಿ ಟೇಪು ಇತ್ತು. ಅತಿಥಿಗಳು ಇಳಿದ ಕೂಡಲೇ ಅಳತೆ ತೆಗೆಯಬೇಕಲ್ಲ.

ಐದು ಗಂಟೆಯಾಯಿತು. ಹಡಗು ಬರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಆಕಾಶ ನೋಡಿದಳು, ಗಡಿಯಾರ ನೋಡಿದಳು, ಆಮೇಲೆ ಮೇಜಿನ ಕಡೆ ನೋಡಿದಳು.

“ಬರ್ನೀಸ್,” ಅಂದಳು, “ಆ ಪೈ ಇತ್ತ ತಳ್ಳು. ಒಂದು ತುಂಡು ಸಾಲಲ್ಲ ಕಣೇ, ನಂಗೆ ಮೂವತ್ತೊಂದು ವರ್ಷದ ಹಸಿವು.”