ರುಚಿ ನೋಡದ ಪೆಲಾವ್

ಪಾಲಹಳ್ಳಿಯ ಹೋಂಸ್ಟೇಯಲ್ಲಿ ನಾನು ಅಡುಗೆಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಅದರ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಅಕ್ಕ ಇನ್ನೂ ತೂಗಿ ನೋಡುತ್ತಿದ್ದರು. ಅಷ್ಟರಲ್ಲಿ ಟ್ರಿನಿಡಾಡಿನಿಂದ ಬಂದಿದ್ದ ಅಜ್ಜಿಯೊಬ್ಬರು ತಮ್ಮೂರಿನ ಪೆಲಾವ್ ಕೇಳಿದರು. ನಾನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಅದರಲ್ಲಿದ್ದ ಅಡುಗೆಯವಳ ದನಿಯಲ್ಲೇ ಎರಡು ಮಾತಾಡಿ ನಗಿಸಿ, ‘ಬತ್ತದೆ ಬುಡಿ’ ಅಂದುಬಿಟ್ಟೆ. ಬರುತ್ತಿದ್ದದ್ದು ದನಿಯೊಂದೇ.

ಆ ದ್ವೀಪದ ಕಬ್ಬಿನ ಗದ್ದೆಗಳಿಗೆ ಆಫ್ರಿಕದವರನ್ನೂ ಒಯ್ದರಂತೆ, ನಮ್ಮ ದೇಶದವರನ್ನೂ ಒಯ್ದರಂತೆ. ಕಡೆಗೆ ಒಲೆಗಳೂ ಬೆರೆತವು. ಎಣ್ಣೆಯಲ್ಲಿ ಸಕ್ಕರೆ ಸುಟ್ಟು ಕೋಳಿಗೆ ಬಣ್ಣ ಹಿಡಿಸುವುದು ಆಫ್ರಿಕದವರ ಕೈ, ಅಕ್ಕಿ ಹಾಕಿ ಪಲಾವು ಮಾಡುವುದು ನಮ್ಮವರ ಕೈ. ಜೊತೆಗೆ ತೊಗರಿಕಾಳು, ತೆಂಗಿನಹಾಲು.

ಸಕ್ಕರೆ ಕರಗಿತು, ಕೆಂಪಾಯಿತು, ನೊರೆಯೆದ್ದು ಕಪ್ಪಿಗೆ ತಿರುಗಿತು. ಒಂದು ಉಸಿರು ಹೆಚ್ಚಾದರೂ ಕಹಿ. ಹೊಗೆ ಕಂಡು ಕೋಳಿಯನ್ನೆಲ್ಲ ಒಂದೇ ಸಲ ಸುರಿದೆ. ತಡವಾಯಿತೇನೋ. ಎಲ್ಲ ಬೆಂದ ಮೇಲೆ ನೋಡೋಣವೆಂದು ಸೌಟು ಬಾಯಿಯ ಹತ್ತಿರ ತಂದೆ.

‘ಲೇ, ಎಂಜ್ಲು ಮಾಡ್ಬುಟ್ಟೀಯ ಕಣ್ಲಾ,’ ಅಂದರು ಅಕ್ಕ. ‘ಬಂದೋರು ಉಂಡಾದ್ಮ್ಯಾಲೆ ನೀನು ನಾಲ್ಗೆಗೆ ಇಕ್ಕು.’

‘ಕಹಿ ಆಗಿದ್ರೆ, ಅಕ್ಕ?’

‘ಆಗಿದ್ರೆ ನಿನ್ ಬ್ಯಾಗು ಅಲ್ಲೇ ಅದಲ್ಲ, ಎತ್ಕೊ.’

ಬೇರೆ ದಿನವಾಗಿದ್ದರೆ ಅದೇ ಮಾತನ್ನು ಅವರ ದನಿಯಲ್ಲೇ ಅವರಿಗೆ ಒಪ್ಪಿಸುತ್ತಿದ್ದೆ. ಅಂದು ಸೌಟು ಕೆಳಗಿಟ್ಟು ತಟ್ಟೆ ತೊಳೆದೆ.

ಬಡಿಸಿದೆ. ಅಜ್ಜಿ ಮೊದಲ ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ನೀನು ರುಚಿ ನೋಡಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ನಮ್ಮಲ್ಲಿ ಬಂದವರಿಗಿಂತ ಮುಂಚೆ ಬಾಯಿಗೆ ಹಾಕಬಾರದು ಎಂದೆ. ಅಜ್ಜಿ ಪಾತ್ರೆಯಿಂದ ಒಂದು ಚಮಚ ತೆಗೆದು ನನ್ನ ಅಂಗೈಗೆ ಹಾಕಿದರು. ಅಪ್ಪಟ ಬೇವು. ಸಕ್ಕರೆ ಸೀದಿದೆ, ನಮ್ಮಮ್ಮನಾಗಿದ್ದರೆ ಪಾತ್ರೆಸಮೇತ ಎಸೆಯುತ್ತಿದ್ದಳು ಎಂದರು.

‘ಏನಂದ್ರುಲಾ?’ ಬಾಗಿಲಿನಿಂದ ಅಕ್ಕ.

ಅಕ್ಕನಿಗೆ ಇಂಗ್ಲಿಷು ಬಾರದು. ಚೆನ್ನಾಗಿದೆಯಂತೆ ಎನ್ನಬಹುದಿತ್ತು, ಆದರೆ ಅಜ್ಜಿ ಆಗಲೇ ತಟ್ಟೆ ಸರಿಸಿದ್ದರು.

‘ಸಕ್ಕರೆ ಸೀದೋಗ್ಬುಟ್ಟದಂತೆ, ಅಕ್ಕ.’

ಅಕ್ಕ ಬಂದು ಒಂದು ಅಗುಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. ನಾನು ಬ್ಯಾಗಿನ ಕಡೆ ತಿರುಗಿದೆ.

‘ಎಲ್ಗೋಯ್ತೀಯ? ನಾಲ್ಗೆಗೆ ಇಕ್ಬ್ಯಾಡ ಅಂದೋಳು ನಾನೇ ಅಲ್ವಾ. ಅವ್ರಿಗೆ ಮೊಸರನ್ನ ಕೊಡು. ನಾಳೆ ಇದ್ನ ಇನ್ನೊಂದ್ ದಪ ಮಾಡು. ಅಂಗೈಗೆ ಬುಟ್ಕೊಂಡು, ಹೊಸ್ಲಾಚೆ ಓಗಿ ನೆಕ್ಕಿ ಬಾ. ಒಲೆತಾವ ಮಾತ್ರ ಬ್ಯಾಡ.’

ನಾಳೆಯವರೆಗಂತೂ ಕೆಲಸ ಉಳಿಯಿತು. ಮತ್ತೆ ಸಕ್ಕರೆ ಸುಡಬೇಕಲ್ಲ ಎಂದು ಡಬ್ಬಿ ತೆರೆದು ಎಷ್ಟು ಉಳಿದಿದೆಯೋ ನೋಡಿದೆ.