ವಚನಾಳ ಬಾಯಿಗೊಂದು ಕೋಡುಬಳೆ

ನಂದಿನಿ ಲೇಔಟಿನ ವಚನಾಳಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಇದ್ದರೂ ಅವಳು ಒಪ್ಪಿಕೊಂಡವಳಲ್ಲ. ಆಟೋದವರಿಗೆ ದಾರಿ ಹೇಳುವಳು, ಗೃಹಪ್ರವೇಶದಲ್ಲಿ ಅಡುಗೆಯವರಿಗೆ ಉಪ್ಪು ಹೇಳುವಳು, ಬೇರೆಯವರ ಮಾತನ್ನು ಅವರಿಗಿಂತ ಮೊದಲೇ ಮುಗಿಸುವಳು. ವಿಜಯನಗರದ ನಮ್ಮ ಕಾಲೇಜಿನಲ್ಲಿ ಬಿ.ಸಿ.ಎ. ಎರಡನೇ ವರ್ಷದಲ್ಲಿದ್ದಳು. ಕಂಪ್ಯೂಟರ್ ಪಾಠ ಹೇಳುವ ನಾನು ಬೋರ್ಡಿನ ಮೇಲೆ ಅರ್ಧ ಸಾಲು ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಉಳಿದರ್ಧ ತೇಲಿ ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಬಯ್ಯಲು ಆಗುತ್ತಿರಲಿಲ್ಲ, ಆ ಉಳಿದರ್ಧ ಸರಿಯಾಗಿಯೇ ಇರುತ್ತಿತ್ತು.

ಇಂಥವಳನ್ನು ನಾನು ಗುಂಪಿನ ನಾಯಕಿ ಮಾಡಿದೆ. ನನ್ನ ಬುದ್ಧಿಗೆ ಏನು ಹೇಳುವುದು!

ಹಿಂದಿನ ವರ್ಷ ಮೊದಲ ಸೆಮಿಸ್ಟರಿನಲ್ಲೇ ಏಳು ಹುಡುಗಿಯರು ಬಿ.ಸಿ.ಎ. ಬಿಟ್ಟು ಬಿ.ಕಾಂ.ಗೆ ಹೋಗಿದ್ದರು. ಕೇಳಿದರೆ ಏಳೂ ಜನರದು ಒಂದೇ ಉತ್ತರ: “ನಂಗೆ ಆಗಲ್ಲ ಮೇಡಂ.” ಲ್ಯಾಬಿನಲ್ಲಿ ಹುಡುಗರು ಕೀಬೋರ್ಡನ್ನು ತಮ್ಮ ಪಿತ್ರಾರ್ಜಿತ ಆಸ್ತಿಯಂತೆ ಹಿಡಿದು ಕೂತರೆ ಯಾರಿಗೆ ತಾನೇ ಆದೀತು? ಅದಕ್ಕೇ ಈ ಸಲ ಮೊದಲ ವರ್ಷದ ಮೂರು ಮೂರು ಹುಡುಗಿಯರ ಗುಂಪು ಮಾಡಿ, ಒಬ್ಬೊಬ್ಬ ಸೀನಿಯರ್ ಹುಡುಗಿಯನ್ನು ಕೊಟ್ಟೆ. ಸೀನಿಯರ್ ಕೀಬೋರ್ಡ್ ಮುಟ್ಟಬಾರದು, ಉತ್ತರವನ್ನೂ ಹೇಳಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಪಾಠ ಹೇಳುವವರು ಒಳಗೆ ಕಾಲಿಡಬಾರದು. ನಾನು ಕಾಲಿಡಲಿಲ್ಲ, ಪಕ್ಕದ ಕೋಣೆಯಲ್ಲಿ ಕೂತೆ. ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಕಿವಿಯ ಬಗ್ಗೆ ನಾನು ನಿಯಮ ಮಾಡಿರಲಿಲ್ಲ.

ವಚನಾಳ ಗುಂಪಿನಲ್ಲಿ ಅನಘಾ, ತನ್ಮಯಿ ಮತ್ತು ಬಿನ್ನಿಪೇಟೆಯ ಇಂಚರಾ ಇದ್ದರು. ಮೊದಲ ದಿನ ಕಾಲು ಗಂಟೆಯಲ್ಲಿ ವಚನಾ ಎಲ್ಲ ಉತ್ತರವನ್ನೂ ಹೇಳಿ ಮುಗಿಸಿದಳು. ಮೂವರೂ ಬರೆದುಕೊಂಡು ಮನೆಗೆ ಹೋದರು. ಮರುದಿನ ಇಂಚರಾ ನನ್ನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಳು. ಬಿ.ಕಾಂ.ಗೆ ಬದಲಾವಣೆ; ಮುಂದಿನ ವಾರದ ಶನಿವಾರ ಕೊನೆಯ ದಿನ; ನನ್ನ ಸಹಿ ಬೇಕು. ಕಾರಣ ಎಂಬಲ್ಲಿ ಬರೆದಿದ್ದಳು: “ಎಲ್ಲರಿಗೂ ಗೊತ್ತಾಗುತ್ತದೆ. ನನಗೊಬ್ಬಳಿಗೆ ಗೊತ್ತಾಗುವುದಿಲ್ಲ.”

“ಶನಿವಾರ ನೋಡೋಣ” ಎಂದು ಅದನ್ನು ಡ್ರಾಯರಿಗೆ ಹಾಕಿ ವಚನಾಳನ್ನು ಕರೆಸಿದೆ. “ನೀನು ಹೀಗೇ ಬಾಯಿ ಬಿಡ್ತಾ ಇದ್ರೆ ಆ ಹುಡುಗಿ ಕೋರ್ಸೇ ಬಿಡ್ತಾಳೆ. ಏನ್ ಮಾಡ್ತೀಯೋ ಮಾಡು, ಬಾಯಿ ಮುಚ್ಕೊಂಡಿರು” ಎಂದೆ. ಅವಳ ಕಣ್ಣಲ್ಲಿ ನೀರು ಬಂತು. “ಬೇಕು ಅಂತ ಮಾಡಲ್ಲ ಮೇಡಂ, ತಾನಾಗೇ ಬಂದ್ಬಿಡತ್ತೆ.”

ಪರಿಹಾರ ಕೊಟ್ಟವಳು ಅವಳ ಮನೆಗೆ ಬಂದಿದ್ದ ಅಜ್ಜಿ, ರಾಣೆಬೆನ್ನೂರಿನ ಬಸವ್ವ. “ಬಾಯಿ ಮುಚ್ಚಾಕ ಬರಂಗಿಲ್ಲಂದ್ರ ತುಂಬಿಸಿಕೋ ಯವ್ವಾ” ಎಂದು ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿದಳಂತೆ. ಬಸವ್ವನ ಕೋಡುಬಳೆ ಎಂದರೆ ಹಲ್ಲಿಗೆ ಸವಾಲು. ಉತ್ತರ ನಾಲಗೆಯ ತುದಿಗೆ ಬಂದಾಗಲೆಲ್ಲ ವಚನಾ ಒಂದನ್ನು ಬಾಯಿಗಿಟ್ಟುಕೊಳ್ಳುವಳು. ಲ್ಯಾಬಿನಲ್ಲಿ ತಿಂಡಿ ನಿಷಿದ್ಧ, ಫಲಕ ಬರೆಸಿದವಳು ನಾನೇ. ನಾನು ಕುರುಡಿಯಾದೆ.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಪ್ಲೈವುಡ್ಡಿನಾಚೆಯಿಂದ ಅನಘಾ ಪಿಸುಗುಟ್ಟಿದಳು: “ಕೇಳಿಸ್ಕೊಳೇ, ಕರಕರ ಅಂತ ಜೋರಾಗಿ ಅಗಿದ್ರೆ ಸರಿ. ನಿಧಾನಕ್ಕೆ ಕಚ್ಚಿದ್ರೆ ತಪ್ಪು.” ಅಂದರೆ ಇಷ್ಟೂ ದಿನ ಇವರು ಪ್ರೋಗ್ರಾಂ ತಿದ್ದಿದ್ದು ವಚನಾಳ ದವಡೆಯ ಸದ್ದು ಕೇಳಿ! ನಾನು ಹಣೆ ಚಚ್ಚಿಕೊಂಡೆ.

ಶುಕ್ರವಾರ ಬಂತು. ಕೊಟ್ಟ ಅಂಕಿಗಳಲ್ಲಿ ಅತಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ. ನನ್ನ ನೋಟ್ಸಿನ ಪ್ರಕಾರ, ಮೊದಲು ‘ದೊಡ್ಡದು ಸೊನ್ನೆ’ ಎಂದು ಇಟ್ಟುಕೊಳ್ಳಬೇಕು. ಅದಕ್ಕಿಂತ ದೊಡ್ಡದು ಸಿಕ್ಕಾಗಲೆಲ್ಲ ಬದಲಿಸುತ್ತ ಹೋಗಬೇಕು. ತನ್ಮಯಿ ಓದಿದಳು. ಆಚೆಯಿಂದ ಜೋರಾಗಿ ಕರಕರ ಸದ್ದು ಬಂತು. ಎಲ್ಲರಿಗೂ ನೆಮ್ಮದಿ.

ಇಂಚರಾಳ ಅಪ್ಪ ಶಶಿಕುಮಾರ್ ಲಿಫ್ಟ್ ಮೆಕ್ಯಾನಿಕ್. ಅವಳು ತಮಾಷೆಗೆ ಒಂದು ಕಟ್ಟಡದ ಬೇಸ್‌ಮೆಂಟುಗಳ ಅಂಕಿಗಳನ್ನು ಟೈಪ್ ಮಾಡಿದಳು.

“ಮೈನಸ್ ಒಂದು, ಮೈನಸ್ ಎರಡು, ಮೈನಸ್ ಮೂರು ಕೊಟ್ಟೆ. ದೊಡ್ಡದು ಸೊನ್ನೆ ಅಂತಿದೆ. ನಾನು ಸೊನ್ನೆ ಕೊಟ್ಟೇ ಇಲ್ವಲ್ಲ?”

ಸದ್ದಿಲ್ಲ. ಜೋರಾಗಿಯೂ ಇಲ್ಲ, ನಿಧಾನಕ್ಕೂ ಇಲ್ಲ. ನಾನು ಹಲಗೆಗೆ ಕಿವಿ ಅಂಟಿಸಿದೆ. ಕೊನೆಗೆ ಬಾಯಿ ತುಂಬ ಕೋಡುಬಳೆ ಇಟ್ಟುಕೊಂಡ ದನಿಯಲ್ಲಿ, ವಚನಾಳ ಜೀವನದಲ್ಲೇ ಮೊದಲ ಬಾರಿಗೆ ಆ ಮಾತು ಬಂತು.

“ನಂಗೂ ಗೊತ್ತಿಲ್ಲ ಕಣೇ.”

“ನಿಜವಾಗ್ಲೂ?” ಇಂಚರಾ ಕೇಳಿದಳು.

“ಅಜ್ಜಿ ಆಣೆಗೂ.”

ಆಮೇಲೆ ಸಂತೆ ಶುರುವಾಯಿತು. ಕುರ್ಚಿ ಎಳೆದರು, ಜಗಳವಾಡಿದರು, ನಾಲ್ವರೂ ಒಟ್ಟಿಗೆ ಕೂಗಿದರು. ಮುಕ್ಕಾಲು ಗಂಟೆಯಾದ ಮೇಲೆ ಇಂಚರಾಳ ದನಿ ಎಲ್ಲರನ್ನೂ ಮೀರಿ ಕೇಳಿಸಿತು. “ಕೆಟ್ಟಿರೋ ಲಿಫ್ಟು ಗ್ರೌಂಡ್ ಫ್ಲೋರಲ್ಲಿದೆ ಅಂತ ನಮ್ಮಪ್ಪ ಅಂದ್ಕೊಳಲ್ಲ ಕಣ್ರೇ. ಎಲ್ಲಿ ನಿಂತಿದೆ ಅಂತ ನೋಡಿ ಅಲ್ಲಿಂದ ಶುರು ಮಾಡ್ತಾರೆ. ನಾವ್ಯಾಕೆ ಸೊನ್ನೆಯಿಂದ ಶುರು ಮಾಡ್ಬೇಕು? ಕೊಟ್ಟಿರೋ ಮೊದಲನೇ ಅಂಕಿಯಿಂದಲೇ ಮಾಡೋಣ.”

ಮೈನಸ್ ಒಂದು ಬಂತು. ಕಿರುಚಾಟಕ್ಕೆ ಹಲಗೆ ನಡುಗಿತು.

ಶನಿವಾರ ಇಂಚರಾ ನನ್ನ ಕೋಣೆಗೆ ಬಂದಳು. ಹಿಂದೆ ಡಬ್ಬಿ ಹಿಡಿದ ವಚನಾ. ನಾನು ಮುಖ ಗಂಟಿಕ್ಕಿಕೊಂಡು ಡ್ರಾಯರಿನಿಂದ ಅರ್ಜಿ ತೆಗೆದೆ. ಪೆನ್ನು ಹುಡುಕುವ ನೆವದಲ್ಲಿ ತಡ ಮಾಡಿದೆ.

“ಅದು ವಾಪಸ್ ಕೊಡಿ ಮೇಡಂ. ಕಾರಣ ಸುಳ್ಳಾಗೋಯ್ತು” ಎಂದಳು ಇಂಚರಾ. “ವಚನಾಕ್ಕಂಗೂ ಗೊತ್ತಿರ್ಲಿಲ್ಲ.”

ಅರ್ಜಿಯನ್ನು ನಾನೇ ಹರಿದೆ. ಹರಿಯುವಾಗ ಕಣ್ಣು ಮಂಜಾಯಿತು, ಕನ್ನಡಕ ಒರೆಸಿಕೊಂಡೆ. ಅವಳು ಇನ್ನೂ ನಿಂತೇ ಇದ್ದಳು.

“ಮತ್ತೇನಮ್ಮಾ?”

“ಆ ತಪ್ಪು ನಿಮ್ಮ ನೋಟ್ಸಲ್ಲೂ ಹಾಗೇ ಇದೆ ಮೇಡಂ.”

ಹನ್ನೊಂದು ವರ್ಷದಿಂದ ಬರೆಸುತ್ತಿದ್ದ ನೋಟ್ಸು. ಉತ್ತರ ಕೊಡಲು ಬಾಯಿ ತೆರೆದೆ. ವಚನಾ ಒಂದು ಮಾತೂ ಆಡದೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ನಾನು ಒಂದು ಕೋಡುಬಳೆ ತೆಗೆದು ಬಾಯಿಗಿಟ್ಟುಕೊಂಡೆ.