ಕತ್ತರಿ ಹಿಡಿದ ಕೈ ಸೆಟೆದ ಮಧ್ಯಾಹ್ನ

ದೂರದಲ್ಲಿರುವವರ ಸಂಕಟ ನಮ್ಮ ಮೈಗೆ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ನನ್ನ ತಪ್ಪಿನ ಸಮೇತ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ಸಿದ್ಧಾರ್ಥನಗರದಲ್ಲಿ ನನ್ನ ಟೈಲರ್ ಅಂಗಡಿ, ಉದಯಗಿರಿಯಲ್ಲಿ ಮನೆ. ಮಕ್ಕಳಿರಲಿಲ್ಲ. ಹೆಂಡತಿ ನೀಲಮ್ಮ ಬೆಳಗಿನಿಂದ ಸಂಜೆಯವರೆಗೆ ಒಳಗೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಕತ್ತಿನಲ್ಲಿ ಗಡ್ಡೆ ಬೆಳೆದು, ಅವಳ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಯಬೇಕಾಯಿತು.

ಆಪರೇಷನ್ ಆದ ಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳನ್ನು ಕೇಳಿದರು: "ತುಟಿ, ಬೆರಳು ಜುಮ್ಮೆನ್ನುತ್ತಾ? ಹಾಗಿದ್ರೆ ಇನ್ನೆರಡು ದಿನ ಇರಿ, ರಕ್ತ ನೋಡ್ತೀವಿ."

"ಬೆರಳು ಒಂಚೂರು..." ಎಂದಳು ನೀಲಮ್ಮ. ನಾನು ಬಾಯಿ ಹಾಕಿದೆ. "ಅದು ಹಳೇದು ಮೇಡಂ, ಊದುಬತ್ತಿ ಹೊಸೆಯೋರ್ಗೆಲ್ಲ ಇದ್ದದ್ದೇ."

ನೀಲಮ್ಮ ನಕ್ಕುಬಿಟ್ಟಳು. "ಇವರ್ಗೆ ಹೋಟ್ಲು ಸಾರು ಸೇರಕಿಲ್ಲ, ಕಳ್ಸಿಬುಡಿ ಮೇಡಂ."

ನಿಜ ಅದೇ ಆಗಿತ್ತು; ಜುಮ್ಮೆನ್ನುವುದು ಹಳೆಯದೆಂದು ನಾನು ಸುಮ್ಮನೆ ಹೇಳಿದ್ದೆ.

ಅಂದೇ ಅವಳನ್ನು ಕರೆತಂದು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋದೆ. ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದಾಗ ನನ್ನ ಬಲಗೈ ಇದ್ದಕ್ಕಿದ್ದಂತೆ ಸೆಟೆಯಿತು. ಕತ್ತರಿ ಬಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ, ಹೆಬ್ಬೆರಳು ಅಂಗೈಯೊಳಗೆ ಮಡಚಿತು. ಎಡಗೈಯಿಂದ ಎಳೆದರೂ ಬಿಡಿಸಲಾಗಲಿಲ್ಲ. ಯಾಕೋ ನೀಲಮ್ಮನ ನೆನಪಾಯಿತು. ಆಟೋ ಹಿಡಿದು ಮನೆಗೆ ಬಂದೆ.

ನೀಲಮ್ಮ ಅಡುಗೆಮನೆಯ ನೆಲದಲ್ಲಿ ಬಿದ್ದಿದ್ದಳು. ಅವಳ ಎರಡೂ ಕೈಗಳು ನನ್ನ ಕೈಯಂತೆಯೇ ಸೆಟೆದಿದ್ದವು. "ಉಸ್ರು ಹಿಡೀತದೆ ಕಣ್ರೀ" ಎಂದಳು. ಅದೇ ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಔಷಧಿ ನಿಧಾನವಾಗಿ ನರಕ್ಕೆ ಇಳಿದಂತೆ ಅವಳ ಬೆರಳುಗಳು ಬಿಡಿಸಿಕೊಂಡವು. ನನ್ನವೂ.

ಆಮೇಲೆ ಡಾಕ್ಟರಮ್ಮ ಹೇಳಿದರು: "ಪೂರ್ತಿ ಗ್ರಂಥಿ ತೆಗೆದಾಗ ಅದರ ಹಿಂದಿರೋ ಕಾಳಿನಷ್ಟು ಚಿಕ್ಕ ಗ್ರಂಥಿಗಳಿಗೆ ಪೆಟ್ಟು ಬಿದ್ದು, ರಕ್ತದ ಕ್ಯಾಲ್ಸಿಯಂ ಇಳಿದು ಹೀಗೆ ಕೈ ಸೆಟೆಯಬಹುದು. ಬೆರಳು ಜುಮ್ಮೆನ್ನೋದೇ ಅದರ ಮೊದಲ ಸೂಚನೆ. ಬಿಸಿಲೇ ಕಾಣದೆ ಕೂತೋರಿಗೆ ವಿಟಮಿನ್ ಡಿ ಕಮ್ಮಿ, ಭಯ ಇನ್ನೂ ಜಾಸ್ತಿ. ಅವರನ್ನ ಕೇಳಿದ್ರೆ ನೀವ್ಯಾಕೆ ಮಾತಾಡಿದ್ರಿ?"

ನನ್ನ ಕೈಯೂ ಸೆಟೆದದ್ದನ್ನು ಹೇಳಿದೆ. ನನ್ನ ರಕ್ತವನ್ನೂ ಪರೀಕ್ಷಿಸಿದರು. ಯಾವ ಕೊರತೆಯೂ ಇರಲಿಲ್ಲ.

ನೀಲಮ್ಮ ಇನ್ನೂ ಒಂಬತ್ತು ವರ್ಷ ಬದುಕಿದಳು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ನಾನು ಅವಳ ಕ್ಷಮೆ ಕೇಳಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಹೃದಯ ನಿಂತಿತು. ಮನೆಯಲ್ಲಿ ಒಬ್ಬಳೇ ಇದ್ದಳು. ಪಕ್ಕದ ಮನೆಯವರು ಬಂದು ಹೇಳುವವರೆಗೂ ನಾನು ಅಂಗಡಿಯಲ್ಲಿ ಯಾರದೋ ರವಿಕೆಯ ಬಟ್ಟೆ ಕತ್ತರಿಸುತ್ತಿದ್ದೆ. ಸೀಮೆಸುಣ್ಣದ ಗೆರೆಯ ಮೇಲೆ, ಎಲ್ಲೂ ತಪ್ಪದೆ.

ಅವಳ ಬೆರಳು ಸೆಟೆದಾಗ ತಿಳಿದ ಕೈಗೆ ಅವಳ ಉಸಿರು ನಿಂತಾಗ ಯಾಕೆ ತಿಳಿಯಲಿಲ್ಲವೋ, ನನಗೆ ಗೊತ್ತಿಲ್ಲ.